ಡ್ರೋನ್ ತಡೆಯುವ ಪ್ರಾಜೆಕ್ಟ್: ಜ್ಯಾಮರ್, ರೇಡಿಯೋ, ಮೈಕ್, ಕ್ಯಾಮೆರಾ, ರಾಡಾರ್ – ಯಾವುದನ್ನು ಆರಿಸಬೇಕು?

2025ರ ಮೇ 8ರ ರಾತ್ರಿ ಲೇಹ್‌ನಿಂದ ಗುಜರಾತಿನ ಸರ್ ಕ್ರೀಕ್‌ವರೆಗೆ 36 ಕಡೆ ಪಾಕಿಸ್ತಾನದ ಸುಮಾರು 300ರಿಂದ 400 ಡ್ರೋನ್‌ಗಳು ಗಡಿ ದಾಟಿ ಬಂದವು ಎಂದು ನಮ್ಮ ಸೇನೆ ಹೇಳಿತು. ಅದರಲ್ಲಿ ಎಷ್ಟೋ ಡ್ರೋನ್‌ಗಳನ್ನು ಗುಂಡು ಹೊಡೆದು ಬೀಳಿಸಿದರು, ಇನ್ನೆಷ್ಟೋ ಎಲೆಕ್ಟ್ರಾನಿಕ್ ಉಪಾಯಕ್ಕೆ ಬಿದ್ದವು. ಆಮೇಲಿನಿಂದ ಕಾಸರಗೋಡಿನ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಮಕ್ಕಳ ಪ್ರಾಜೆಕ್ಟ್ ಮಾತುಗಳಲ್ಲಿ ಇದೇ ವಿಷಯ. ಮಂಜೇಶ್ವರ, ಕುಂಬಳೆಯಿಂದ ದಿನಾ ರೈಲು ಹತ್ತಿ ಮಂಗಳೂರಿಗೆ ಓದಲು ಹೋಗುವವರೂ ಕೇಳುತ್ತಾರೆ, ಇಲ್ಲೇ ಓದುವವರೂ ಕೇಳುತ್ತಾರೆ. "ಸರ್, ಆಂಟಿ ಡ್ರೋನ್ ಮಾಡ್ಬೇಕು ಅಂತಿದ್ದೇವೆ. ಜ್ಯಾಮರ್ ಮಾಡೋದಾ, ರಾಡಾರ್ ಮಾಡೋದಾ?"

ಒಳ್ಳೆಯ ಪ್ರಶ್ನೆ. ಈ ಕೆಲಸಕ್ಕೆ ದೇಶದಲ್ಲಿ ಜನ ಬೇಕು. ಆದರೆ ಯೂಟ್ಯೂಬ್‌ನಲ್ಲಿ ಬಂದೂಕಿನಂಥ ಜ್ಯಾಮರ್ ನೋಡಿ ಅದನ್ನೇ ಆರಿಸಿಕೊಂಡರೆ ಒಂದು ವರ್ಷದ ಶ್ರಮ ದಂಡ ಆಗುವ ಸಾಧ್ಯತೆ ಜಾಸ್ತಿ. ನನ್ನ ಒಲವು ಯಾವ ಕಡೆಗೆ ಎಂದು ಮೊದಲೇ ಹೇಳಿಬಿಡುತ್ತೇನೆ. ಡ್ರೋನ್ ಕೆಡವುವ ಉಪಾಯಗಳು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಿವೆ. ಡ್ರೋನ್ ಬಂದಿದೆ ಎಂದು ಕಂಡುಹಿಡಿಯುವ ಕೆಲಸ ಮಾತ್ರ ಎಲ್ಲ ಉಪಾಯಕ್ಕೂ ಬೇಕು. ಹಾಗಾಗಿ ಪತ್ತೆಯ ಕಡೆ ಬನ್ನಿ. ಯಾಕೆ ಅನ್ನುವುದನ್ನು ಒಂದೊಂದಾಗಿ ನೋಡೋಣ. ನಿಮ್ಮ ಪರಿಸ್ಥಿತಿ ಬೇರೆ ಇದ್ದರೆ ಬೇರೆಯದನ್ನು ಆರಿಸಿಕೊಳ್ಳಲಿಕ್ಕೂ ಅದು ಸಹಾಯ ಆಗುತ್ತದೆ.

ಯಾವುದರ ಮೇಲೆ ಅಳೆಯಬೇಕು?

ಮೊದಲನೆಯದು ಕಾನೂನು. ನೀವು ಕಟ್ಟಿದ್ದನ್ನು ಕಾಲೇಜಿನ ಮೈದಾನದಲ್ಲಿ ಆನ್ ಮಾಡಿ ತೋರಿಸಬಹುದೇ? ತೋರಿಸಲಾಗದ ಪ್ರಾಜೆಕ್ಟ್ ಕಾಗದದಲ್ಲೇ ಉಳಿಯುತ್ತದೆ.

ಎರಡನೆಯದು, ಡ್ರೋನ್ ಯಾವ ರೇಡಿಯೋ ಸಿಗ್ನಲ್ಲನ್ನೂ ಬಿಡದೆ ಬಂದರೆ ನಿಮ್ಮ ಉಪಾಯ ಕೆಲಸ ಮಾಡುತ್ತದೆಯೇ? ಇವತ್ತಿನ ಯುದ್ಧದಲ್ಲಿ ಇದು ತುಂಬಾ ದೊಡ್ಡ ಪ್ರಶ್ನೆ.

ಮೂರನೆಯದು ನಮ್ಮ ಊರು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಎಲ್ಲಿ ನೋಡಿದರೂ ತೆಂಗು, ಅಡಿಕೆ. ಮರುಭೂಮಿಯಲ್ಲಿ ಪರೀಕ್ಷೆ ಮಾಡಿದ ಸಾಧನ ಇಲ್ಲಿ ಹಾಗೆಯೇ ನಡೆಯುವುದಿಲ್ಲ. ನಾಲ್ಕನೆಯದು ಖರ್ಚು. ಐದನೆಯದು ಸುಳ್ಳು ಎಚ್ಚರಿಕೆ. ದಿನಕ್ಕೆ ಹತ್ತು ಸಲ ಹದ್ದು ನೋಡಿ ಕೂಗುವ ಯಂತ್ರವನ್ನು ಮೂರನೇ ದಿನ ಯಾರಾದರೂ ಆಫ್ ಮಾಡಿಬಿಡುತ್ತಾರೆ. ಆಮೇಲೆ ನಿಜವಾದ ಡ್ರೋನ್ ಬಂದರೂ ಗೊತ್ತಾಗುವುದಿಲ್ಲ.

ಎದುರಿಗೆ ಬರುವುದು ಯಾವ ಡ್ರೋನ್?

ಇದನ್ನು ಬಿಟ್ಟು ಹೋಲಿಕೆ ಮಾಡಿದರೆ ಅರ್ಥವಿಲ್ಲ. ಪಂಜಾಬ್ ಗಡಿಯಲ್ಲಿ ಮಾದಕ ವಸ್ತು ತರುವುದು ಹೆಚ್ಚಾಗಿ ಅಂಗಡಿಯಲ್ಲಿ ಸಿಗುವ ಡಿಜೆಐ ಮ್ಯಾವಿಕ್ ಥರದ ನಾಲ್ಕು ರೆಕ್ಕೆಯ ಡ್ರೋನ್. ಅದು 2.4 ಅಥವಾ 5.8 ಗಿಗಾಹರ್ಟ್ಸ್‌ನಲ್ಲಿ ಚಾಲಕನ ಜೊತೆ ಸಂಪರ್ಕದಲ್ಲಿರುತ್ತದೆ. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಎರಡು ಸ್ಫೋಟಕ ಬಿದ್ದ ಮೇಲೆ ಸಣ್ಣ ಡ್ರೋನ್‌ನ ಅಪಾಯ ನಮ್ಮಲ್ಲಿ ಎಲ್ಲರಿಗೂ ಗೊತ್ತಾಯಿತು.

ಇನ್ನೊಂದು ಜಾತಿ ಶಾಹೆದ್-136 ಥರದ್ದು. ಸುಮಾರು 200 ಕೆಜಿ ತೂಕ, ಗಂಟೆಗೆ 180 ಕಿಮೀ ಆಸುಪಾಸು ವೇಗ. ಹೋಗಬೇಕಾದ ಜಾಗವನ್ನು ಮೊದಲೇ ತುಂಬಿಸಿ ಬಿಡುತ್ತಾರೆ. ಅದಕ್ಕೆ ಚಾಲಕನ ಮಾತು ಬೇಕಾಗಿಲ್ಲ, ಉಪಗ್ರಹದ ದಿಕ್ಕು ಸಾಕು.

ಮೂರನೆಯದು ಉಕ್ರೇನಿನಲ್ಲಿ 2024ರಿಂದ ಕಾಣಿಸಿಕೊಂಡ ಫೈಬರ್ ಡ್ರೋನ್. ಹೊಟ್ಟೆಯ ಕೆಳಗೆ ಒಂದು ಡಬ್ಬ. ಅದರೊಳಗೆ ಕೂದಲಿನಷ್ಟು ತೆಳ್ಳಗಿನ ಆಪ್ಟಿಕಲ್ ಫೈಬರ್ ಕಿಲೋಮೀಟರ್‌ಗಟ್ಟಲೆ ಸುತ್ತಿರುತ್ತದೆ. ಹತ್ತು ಕಿಮೀ, ಇಪ್ಪತ್ತು ಕಿಮೀ ಉದ್ದದವೂ ಇವೆ. ಹಾರುತ್ತಾ ಹೋದ ಹಾಗೆ ಅದು ಬಿಚ್ಚಿಕೊಂಡು ಹಿಂದೆ ಬೀಳುತ್ತದೆ. ಚಿತ್ರವೂ ಆಜ್ಞೆಯೂ ಆ ನೂಲಿನೊಳಗೇ ಓಡಾಡುತ್ತವೆ. ಗಾಳಿಯಲ್ಲಿ ಸಿಗ್ನಲ್ಲೇ ಇಲ್ಲ. ಹಾಗಾಗಿ ಕೇಳಿಸಿಕೊಳ್ಳಲು ಏನೂ ಇಲ್ಲ, ಕೆಡಿಸಲೂ ಏನೂ ಇಲ್ಲ.

2025ರ ಜೂನ್ 1ರಂದು ಉಕ್ರೇನ್ ಲಾರಿಗಳಲ್ಲಿ ಅಡಗಿಸಿ 117 ಡ್ರೋನ್‌ಗಳನ್ನು ರಷ್ಯಾದ ಒಳಗೆ ತಂದು ವಾಯುನೆಲೆಗಳ ಮೇಲೆ ಬಿಟ್ಟಿತು. ಅವು ಅಲ್ಲಿಯ ಮೊಬೈಲ್ ನೆಟ್‌ವರ್ಕನ್ನೇ ಬಳಸಿಕೊಂಡವು. ಇದು ನಾಲ್ಕನೇ ಜಾತಿ ಅನ್ನಿ. ಊರಿಡೀ ಮೊಬೈಲ್ ಸಿಗ್ನಲ್ ಇರುವಾಗ ಅದರಲ್ಲಿ ಡ್ರೋನಿನದು ಯಾವುದು ಎಂದು ಬಿಡಿಸುವುದು ಸುಲಭ ಅಲ್ಲ.

ಜ್ಯಾಮರ್

ಜ್ಯಾಮರ್ ಮಾಡುವುದು ಇಷ್ಟೇ: ಡ್ರೋನ್ ಕೇಳುತ್ತಿರುವ ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಗದ್ದಲ ಹಾಕುತ್ತದೆ. ಜಾತ್ರೆಯಲ್ಲಿ ಲೌಡ್‌ಸ್ಪೀಕರ್ ಪಕ್ಕ ನಿಂತವನಿಗೆ ದೂರದಿಂದ ಕರೆದದ್ದು ಕೇಳಿಸುವುದಿಲ್ಲವಲ್ಲ, ಹಾಗೆ. ಚಾಲಕ ಡ್ರೋನಿನಿಂದ 3 ಕಿಮೀ ದೂರ ಇದ್ದಾನೆ, ಜ್ಯಾಮರ್ ಅರ್ಧ ಕಿಮೀ ದೂರ ಇದೆ ಅಂದುಕೊಳ್ಳಿ. ದೂರ ಆರು ಪಟ್ಟು ಕಮ್ಮಿ. ಬಯಲಿನಲ್ಲಿ ಅಷ್ಟೇ ಶಕ್ತಿಯ ಸಿಗ್ನಲ್ 36 ಪಟ್ಟು ಜೋರಾಗಿ ಮುಟ್ಟುತ್ತದೆ. ಡ್ರೋನ್ ನಮ್ಮ ಹತ್ತಿರ ಬಂದಷ್ಟೂ ನಮಗೇ ಅನುಕೂಲ. ಒಂದೇ ಸಲ ನಾಲ್ಕಾರು ಡ್ರೋನ್‌ಗಳನ್ನು ತಡೆಯಬಹುದು. ಗುಂಡು ಖರ್ಚಾಗುವುದಿಲ್ಲ, ಗುಂಡಿನ ಚೂರು ಊರಿನ ಮೇಲೆ ಬೀಳುವುದಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿ ಸರ್ಕಾರಿ ಕಂಪನಿ ಬಿಇಎಲ್ ತಯಾರಿಸುವ, ಡ್ರೋನ್ ತಡೆಯುವ ಡಿ4 ವ್ಯವಸ್ಥೆಯಲ್ಲಿ ಜ್ಯಾಮಿಂಗ್ ಒಂದು ಮುಖ್ಯ ಭಾಗ. 2021ರ ಆಗಸ್ಟ್ 31ರಂದು ನೌಕಾಪಡೆ ಇದರ ನೌಕಾ ರೂಪಕ್ಕೆ ಬಿಇಎಲ್ ಜೊತೆ ಒಪ್ಪಂದ ಮಾಡಿಕೊಂಡಿತು.

ಆದರೆ ಜ್ಯಾಮ್ ಆದ ಡ್ರೋನ್ ತಕ್ಷಣ ಬಿದ್ದುಹೋಗುತ್ತದೆ ಅಂದುಕೊಳ್ಳಬೇಡಿ. ಅದರ ಪ್ರೋಗ್ರಾಂ ಹೇಗಿದೆಯೋ ಹಾಗೆ. ಕೆಲವು ಹೊರಟ ಜಾಗಕ್ಕೆ ವಾಪಸ್ ಹೋಗುತ್ತವೆ, ಕೆಲವು ನಿಂತಲ್ಲೇ ಇಳಿಯುತ್ತವೆ, ಕೆಲವು ಮುಂದಕ್ಕೇ ಹೋಗುತ್ತವೆ. ಎದುರಾಳಿ ಫ್ರೀಕ್ವೆನ್ಸಿ ಬದಲಿಸಿದರೆ ನಮ್ಮ ಜ್ಯಾಮರ್ ಖಾಲಿ ಜಾಗದಲ್ಲಿ ಕೂಗುತ್ತಿರುತ್ತದೆ. ನಮ್ಮದೇ ವಾಕಿಟಾಕಿ, ವೈಫೈ ಕೂಡ ಕೆಡುತ್ತದೆ. ಜೋರಾಗಿ ಕೂಗುವ ಜ್ಯಾಮರ್ ಎಲ್ಲಿದೆ ಎಂದು ಶತ್ರುವಿಗೂ ಸುಲಭವಾಗಿ ಗೊತ್ತಾಗುತ್ತದೆ. ಫೈಬರ್ ಡ್ರೋನಿನ ಮುಂದೆ ಅದು ಏನೂ ಮಾಡಲಾರದು. ಕೊನೆಯ ಕೆಲವು ನೂರು ಮೀಟರ್ ದೂರವನ್ನು ಕ್ಯಾಮೆರಾ ನೋಡಿ ತಾನೇ ಗುರಿ ಹಿಡಿದು ಹಾರುವ ಡ್ರೋನಿನ ಮುಂದೆಯೂ ಅಷ್ಟೇ.

ಸೇನೆಗೆ ಜ್ಯಾಮರ್ ಈಗಲೂ ಬೇಕು, ಯಾಕೆಂದರೆ ಬರುವ ಡ್ರೋನ್‌ಗಳಲ್ಲಿ ತುಂಬಾ ಡ್ರೋನ್‌ಗಳು ಇನ್ನೂ ರೇಡಿಯೋ ನಂಬಿಕೊಂಡೇ ಬರುತ್ತವೆ. ನಿಮಗೆ ಮಾತ್ರ ಬೇಡ. ನಮ್ಮ ದೇಶದಲ್ಲಿ ಖಾಸಗಿಯವರು ಜ್ಯಾಮರ್ ಮಾರುವುದು, ಕೊಳ್ಳುವುದು, ಬಳಸುವುದು ಎಲ್ಲವೂ ಅಪರಾಧ. ಸರ್ಕಾರ ಅನುಮತಿ ಕೊಟ್ಟ ಪಡೆ, ಪೊಲೀಸ್, ಸಂಸ್ಥೆಗಳಿಗೆ ಮಾತ್ರ ಅವಕಾಶ. "ಸಣ್ಣದು, ಹತ್ತು ಮೀಟರ್ ಮಾತ್ರ" ಅಂದರೂ ಕಾನೂನು ಒಪ್ಪುವುದಿಲ್ಲ. ಈ ವಿಷಯವೇ ಇಷ್ಟ ಅನ್ನುವವರಿಗೆ ಒಂದು ದಾರಿ ಇದೆ. ಜಿಎನ್‌ಯು ರೇಡಿಯೋ ಅಥವಾ ಮ್ಯಾಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಂಪ್ಯೂಟರ್ ಒಳಗೇ ರೇಡಿಯೋ ಲಿಂಕ್ ಕಟ್ಟಿ, ಗದ್ದಲ ಎಷ್ಟಾದಾಗ ಸಂಪರ್ಕ ತಪ್ಪುತ್ತದೆ, ಫ್ರೀಕ್ವೆನ್ಸಿ ಹಾರಿಸಿದರೆ ಎಷ್ಟು ತಾಳುತ್ತದೆ ಎಂದು ಲೆಕ್ಕ ಹಾಕಿ. ಆಂಟೆನಾ ಬೇಡವೇ ಬೇಡ. ಎಂಟೆಕ್ ಮಾಡುವವರಿಗೆ ಇದು ಗಟ್ಟಿ ವಿಷಯ.

ಜಿಪಿಎಸ್ ದಾರಿ ತಪ್ಪಿಸುವುದು

ಇದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಜಿಪಿಎಸ್ ಸಿಗ್ನಲ್ ನೆಲಕ್ಕೆ ಬರುವಾಗ ಬಹಳ ಕ್ಷೀಣವಾಗಿರುತ್ತದೆ. ಅದಕ್ಕಿಂತ ಜೋರಾದ ಸುಳ್ಳು ಸಿಗ್ನಲ್ ಕೊಟ್ಟರೆ ಡ್ರೋನ್ ತಾನಿರುವ ಜಾಗವನ್ನೇ ತಪ್ಪು ತಿಳಿಯುತ್ತದೆ. 2012ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ವೈಟ್ ಸ್ಯಾಂಡ್ಸ್‌ನಲ್ಲಿ ಇದನ್ನು ಮಾಡಿ ತೋರಿಸಿದ್ದರು. ಆದರೆ ನಮ್ಮ ಕರಾವಳಿಯಲ್ಲಿ ಮೀನುಗಾರರ ಬೋಟುಗಳು ಜಿಪಿಎಸ್ ನೋಡಿಯೇ ವಾಪಸ್ ಬರುತ್ತವೆ. ಮೊಬೈಲ್ ಟವರ್‌ಗಳು ಸಮಯ ಹೊಂದಿಸಿಕೊಳ್ಳುವುದೂ ಇದರಿಂದಲೇ. ಆ ಸಿಗ್ನಲ್ ಜೊತೆ ಆಟ ಆಡಬಾರದು, ಕಾನೂನೂ ಬಿಡುವುದಿಲ್ಲ.

ಇದರದೇ ತಿರುವುಮುರುವು ಕೆಲಸ ಒಳ್ಳೆಯದಿದೆ. ತನಗೆ ಬರುತ್ತಿರುವ ಸಿಗ್ನಲ್ ಸುಳ್ಳು ಎಂದು ಗುರುತಿಸುವ ರಿಸೀವರ್. ಜಿಪಿಎಸ್ ಮತ್ತು ಅದರಂತೆಯೇ ಉಪಗ್ರಹದಿಂದ ಜಾಗ ಹೇಳುವ ನಮ್ಮ ದೇಶದ ನಾವಿಕ್ ಎರಡನ್ನೂ ಹೋಲಿಸಿ ನೋಡುವ ಪ್ರಾಜೆಕ್ಟ್ ಮಾಡಬಹುದು. ನಾವಿಕ್ ಎಲ್5 ಮತ್ತು ಎಸ್ ಎಂಬ ಎರಡು ಫ್ರೀಕ್ವೆನ್ಸಿ ಬ್ಯಾಂಡ್‌ಗಳಲ್ಲಿ ಬರುತ್ತದೆ. 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಕೂಡ ಸೇರಿತು. ಎರಡು ಬೇರೆ ವ್ಯವಸ್ಥೆಗಳ ಸಿಗ್ನಲ್ ಒಂದಕ್ಕೊಂದು ತಾಳೆ ಆಗದಿದ್ದರೆ ಏನೋ ಸರಿ ಇಲ್ಲ ಎಂದು ಗೊತ್ತಾಗುತ್ತದೆ.

ರೇಡಿಯೋ ಕೇಳುವುದು

ಕೂಗುವುದು ಬೇಡ, ಸುಮ್ನೆ ಕಿವಿಗೊಟ್ಟು ಕೂರೋಣ. ರೇಡಿಯೋ ಬಿಡುವ ಡ್ರೋನ್‌ಗಳ ಮಟ್ಟಿಗೆ ಇದರಷ್ಟು ಬೇಗ ಎಚ್ಚರಿಸುವುದು ಬೇರೆ ಇಲ್ಲ. ಗುಡ್ಡದ ಆಚೆ ಡ್ರೋನ್ ಆನ್ ಮಾಡಿದ ಕೂಡಲೇ ಸಿಗ್ನಲ್ ಸಿಗಬಹುದು. ಉಕ್ರೇನಿನ ಸೈನಿಕರು ತ್ಸುಕೊರೊಕ್ ಎಂಬ ಜೇಬಿನ ಪತ್ತೆಯಂತ್ರ ಇಟ್ಟುಕೊಂಡು ಓಡಾಡುತ್ತಾರೆ.

ಬಜೆಟ್ ವಿಷಯದಲ್ಲಿ ಇಲ್ಲಿ ಒಂದು ಕಡೆ ಎಚ್ಚರ ಬೇಕು. ಕಂಪ್ಯೂಟರಿಗೆ ಜೋಡಿಸಿ ರೇಡಿಯೋ ಸಿಗ್ನಲ್ ಕೇಳುವ ಸಾಧನಕ್ಕೆ ಎಸ್‌ಡಿಆರ್ ಎನ್ನುತ್ತಾರೆ. ಮೂರ್ನಾಲ್ಕು ಸಾವಿರಕ್ಕೆ ಸಿಗುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸುಮಾರು 1.7 ಗಿಗಾಹರ್ಟ್ಸ್‌ವರೆಗೆ ಮಾತ್ರ ಕೇಳುತ್ತದೆ. ಡ್ರೋನ್ ಇರುವುದು 2.4 ಮತ್ತು 5.8ರಲ್ಲಿ. ಅದನ್ನು ತಂದು ಕೂತರೆ 868 ಮೆಗಾಹರ್ಟ್ಸ್ ಆಸುಪಾಸಿನ ಕಂಟ್ರೋಲ್ ಲಿಂಕ್ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಇದೇ ಜಾತಿಯ ಪ್ಲೂಟೊ ಬೋರ್ಡ್ 3.8 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ, ಹ್ಯಾಕ್‌ಆರ್‌ಎಫ್ ಬೋರ್ಡ್ 6ರವರೆಗೆ. ಎರಡಕ್ಕೂ ಹತ್ತಾರು ಸಾವಿರ ಬೇಕು. ಎರಡೂ ಸಿಗ್ನಲ್ ಕಳಿಸಬಲ್ಲವು. ಹಾಗಾಗಿ ನಿಮ್ಮ ಹೆಸರಿನಲ್ಲಿ ಬೇಡ, ಡಿಪಾರ್ಟ್‌ಮೆಂಟ್ ಮೂಲಕವೇ ತರಿಸಿ, ಗೈಡ್ ಎದುರಿಗೆ ಕೇಳುವುದಕ್ಕೆ ಮಾತ್ರ ಬಳಸಿ. ಬೇರೆಯವರ ವಿಡಿಯೋ ತೆರೆದು ನೋಡುವ ಗೋಜಿಗೆ ಹೋಗಬೇಡಿ. ಸಿಗ್ನಲ್ ಇದೆಯೋ ಇಲ್ಲವೋ, ಯಾವ ಆಕಾರದ್ದು, ಅಷ್ಟು ಸಾಕು.

ಆಕಾರ ಅಂದೆ. ಕಂಪ್ಯೂಟರ್ ಪರದೆಯ ಮೇಲೆ ಸಿಗ್ನಲ್ ಮೇಲಿಂದ ಕೆಳಗೆ ಹರಿಯುವ ಚಿತ್ರ ನೋಡಿದ್ದೀರಲ್ಲ, ಅದರಲ್ಲಿ ಡ್ರೋನಿನ ವಿಡಿಯೋ 10 ಅಥವಾ 20 ಮೆಗಾಹರ್ಟ್ಸ್ ಅಗಲದ ದಪ್ಪ ಪಟ್ಟಿಯಾಗಿ ಹೆಚ್ಚುಕಮ್ಮಿ ಬಿಡದೆ ಇಳಿಯುತ್ತದೆ. ಕಂಟ್ರೋಲ್ ಸಿಗ್ನಲ್ ಸಣ್ಣ ಸಣ್ಣ ಚುಕ್ಕಿಗಳಾಗಿ ಅತ್ತಿತ್ತ ಹಾರುತ್ತದೆ. ವೈಫೈ ಪಟ್ಟಿಯೂ ಅಷ್ಟೇ ಅಗಲ, ಆದರೆ ಬಿಟ್ಟು ಬಿಟ್ಟು ಬರುತ್ತದೆ. ಹಾಸ್ಟೆಲಿನಲ್ಲಿ ಎಲ್ಲರೂ ಸಿನಿಮಾ ನೋಡುತ್ತಿದ್ದರೆ ಈ ವ್ಯತ್ಯಾಸವೂ ಅಳಿಸಿಹೋಗುತ್ತದೆ. ಇಲ್ಲಿ ನಮಗೊಂದು ಅನುಕೂಲ ಇದೆ. ಮನೆಗಳಿಂದ ದೂರ ಇರುವ ಮುರಕಲ್ಲಿನ ಪದವಿನ ಮೇಲೆ ವೈಫೈ ಇರುವುದೇ ಇಲ್ಲ. ಅಲ್ಲಿ ಶುದ್ಧ ಸಿಗ್ನಲ್ ರೆಕಾರ್ಡ್ ಮಾಡಿ, ಆಮೇಲೆ ಪೇಟೆಯ ಗದ್ದಲ ಸೇರಿಸಿ ಪರೀಕ್ಷೆ ಮಾಡಬಹುದು. ಬೆಂಗಳೂರಿನ ಮಕ್ಕಳಿಗೆ ಈ ಭಾಗ್ಯ ಇಲ್ಲ.

ಎರಡನೇ ಅಳತೆಯಲ್ಲಿ ಮಾತ್ರ ಇದು ಸೋಲುತ್ತದೆ. ಫೈಬರ್ ಡ್ರೋನ್, ಮೊದಲೇ ದಾರಿ ತುಂಬಿಸಿ ಬಿಟ್ಟ ಡ್ರೋನ್, ಇವೆರಡೂ ಇದಕ್ಕೆ ಕೇಳಿಸುವುದಿಲ್ಲ.

ಶಬ್ದ ಹಿಡಿಯುವುದು

ನನಗೆ ತುಂಬಾ ಇಷ್ಟವಾದ ದಾರಿ ಇದು. ಯಾಕೆಂದರೆ ಡ್ರೋನ್ ರೇಡಿಯೋ ನಿಲ್ಲಿಸಬಹುದು, ರೆಕ್ಕೆ ನಿಲ್ಲಿಸಲಾರದು. ಉಕ್ರೇನ್ ಇದನ್ನೇ ನಂಬಿ 2024ರ ಹೊತ್ತಿಗೇ ದೇಶದ ತುಂಬಾ ಹತ್ತು ಸಾವಿರದ ಹತ್ತಿರ ಮೈಕ್ ಕೇಂದ್ರಗಳನ್ನು ಕಂಬಗಳ ಮೇಲೆ ಇಟ್ಟಿತ್ತು. ಒಂದೊಂದಕ್ಕೆ 400ರಿಂದ 500 ಡಾಲರ್ ಎಂದು ಅಮೆರಿಕದ ಸೇನಾಧಿಕಾರಿಗಳೇ ಹೇಳಿದ್ದಾರೆ. ಅವು ಮುಖ್ಯವಾಗಿ ಕೇಳುವುದು ಶಾಹೆದ್ ಎಂಜಿನಿನ ದೊಡ್ಡ ಸದ್ದನ್ನು. ಸಣ್ಣ ಬ್ಯಾಟರಿ ಡ್ರೋನ್ ಅಷ್ಟು ದೂರಕ್ಕೆ ಕೇಳುವುದಿಲ್ಲ. ವಿದ್ಯಾರ್ಥಿಗಳ ಮೈಕಿಗೆ ನೂರಿನ್ನೂರು ಮೀಟರ್ ಸಿಕ್ಕರೆ ಒಳ್ಳೆಯ ಫಲಿತಾಂಶ ಅನ್ನಿ.

ಲೆಕ್ಕ ಚೆನ್ನಾಗಿದೆ. ಮೋಟಾರ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸುತ್ತು. ಎರಡು ಅಲಗಿನ ಪ್ರೊಪೆಲ್ಲರ್ ಆದ್ದರಿಂದ ಶಬ್ದದ ಫ್ರೀಕ್ವೆನ್ಸಿ ತೋರಿಸುವ ಚಿತ್ರದಲ್ಲಿ 200 ಹರ್ಟ್ಸ್‌ನಲ್ಲಿ ಒಂದು ಗೆರೆ ಏಳುತ್ತದೆ. ಅದರ ಮೇಲೆ 400, 600, 800 ಹೀಗೆ ಏಣಿಯ ಮೆಟ್ಟಿಲು. ಈ ಮೆಟ್ಟಿಲನ್ನು ಗುರುತಿಸಲು ರಾಸ್ಪ್‌ಬೆರಿ ಪೈ ಎಂಬ ಒಂದು ಸಣ್ಣ ಕಂಪ್ಯೂಟರ್ ಬೋರ್ಡ್, ನಾಲ್ಕು ಡಿಜಿಟಲ್ ಮೈಕ್ ಸಾಕು. ಮೈಕ್ ಒಂದಕ್ಕೆ ಕೆಲವು ನೂರು ರೂಪಾಯಿ.

ನಮ್ಮೂರಿನ ನಿಜವಾದ ಪರೀಕ್ಷೆ ಶುರುವಾಗುವುದು ಹುಲ್ಲು ಕಟ್ ಮಾಡುವ ಮೆಷಿನ್‌ನಿಂದ. ಮಳೆ ಬಿಟ್ಟ ಮೇಲೆ ಅಡಿಕೆ ತೋಟಗಳಲ್ಲಿ ಬೆಳಗ್ಗಿನಿಂದ ಅದೇ ಸದ್ದು. ಅದರ ಟೂ ಸ್ಟ್ರೋಕ್ ಎಂಜಿನ್ 7000 ಸುತ್ತಿನಲ್ಲಿ ಓಡಿದರೆ 117 ಹರ್ಟ್ಸ್ ಸುತ್ತ ಗೆರೆ, ಅದರ ಮೇಲೆ ಅದರದೇ ಮೆಟ್ಟಿಲು. ಸದ್ದು ಗುರುತಿಸಲು ಹೊಸದಾಗಿ ಕಲಿತ ಕಂಪ್ಯೂಟರ್ ಮಾಡೆಲ್ ಇದನ್ನು ಡ್ರೋನ್ ಎಂದು ಕೂಗಿಬಿಡುತ್ತದೆ. ಬಿಡಿಸುವ ಉಪಾಯ ಗೆರೆಯ ಒಳಗೇ ಇದೆ. ಮೆಷಿನ್‌ಗೆ ಎಂಜಿನ್ ಒಂದೇ, ಹಾಗಾಗಿ ಪ್ರತಿ ಮೆಟ್ಟಿಲಿನಲ್ಲೂ ಗೆರೆ ಒಂದೇ. ಡ್ರೋನಿಗೆ ಮೋಟಾರ್ ನಾಲ್ಕು. ಗಾಳಿಯಲ್ಲಿ ನಿಂತಿರಬೇಕಾದರೆ ನಾಲ್ಕೂ ಸ್ವಲ್ಪ ಸ್ವಲ್ಪ ಬೇರೆ ವೇಗದಲ್ಲಿ ತಿರುಗುತ್ತಿರಬೇಕು. ಅದಕ್ಕೆ ಒಂದು ಗೆರೆಯ ಜಾಗದಲ್ಲಿ ಮೂರ್ನಾಲ್ಕು ತೆಳು ಗೆರೆಗಳು ಒಂದಕ್ಕೊಂದು ತಾಗಿ ನಡುಗುತ್ತಿರುತ್ತವೆ. ಮೇಲಿನ ಮೆಟ್ಟಿಲುಗಳಲ್ಲಿ ಅವುಗಳ ನಡುವಿನ ಅಂತರ ಇನ್ನೂ ಎದ್ದು ಕಾಣುತ್ತದೆ. ನಿಮ್ಮ ಮಾಡೆಲ್‌ಗೆ ಈ ಗುಣವನ್ನೇ ಕಲಿಸಿ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಶಬ್ದದ ಕಡತಗಳಲ್ಲಿ ನಮ್ಮ ತೋಟದ ಮೆಷಿನ್ ಸದ್ದು ಇರುವುದಿಲ್ಲ, ನೀವೇ ರೆಕಾರ್ಡ್ ಮಾಡಬೇಕು. ಜೀರುಂಡೆಯ ಕಾಟ ಅಷ್ಟೇನೂ ಇಲ್ಲ. ಅದರ ಸದ್ದು ಕೆಲವು ಸಾವಿರ ಹರ್ಟ್ಸ್ ಮೇಲೆ, ಫಿಲ್ಟರ್ ಹಾಕಿ ತೆಗೆಯಬಹುದು. ಮಳೆ ಮಾತ್ರ ಎಲ್ಲ ಫ್ರೀಕ್ವೆನ್ಸಿಯಲ್ಲೂ ತುಂಬಿಕೊಳ್ಳುತ್ತದೆ. ಜೋರು ಮಳೆ ಅಡಿಕೆ ಸೋಗೆಯ ಮೇಲೆ ಬೀಳುವಾಗ ಮೈಕ್ ಕಿವುಡು ಎಂದೇ ಲೆಕ್ಕ. ಜೋರು ಮಳೆಯಲ್ಲಿ ಸಣ್ಣ ಡ್ರೋನ್ ಹಾರಿಸುವುದೂ ಕಷ್ಟ, ಅಷ್ಟು ಸಮಾಧಾನ.

ದಿಕ್ಕು ಹೇಳಲೂ ಬರುತ್ತದೆ. ಎರಡು ಮೈಕ್‌ಗಳನ್ನು 34 ಸೆಂಟಿಮೀಟರ್ ದೂರ ಇಟ್ಟರೆ ಶಬ್ದ ಒಂದರಿಂದ ಇನ್ನೊಂದಕ್ಕೆ ಹೋಗಲು ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಬೇಕು. 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ಅದು 48 ಸ್ಯಾಂಪಲ್. ದಿಕ್ಕು ಲೆಕ್ಕ ಹಾಕಲು ಧಾರಾಳ ಸಾಕು. ಆದರೆ 340 ಮೀಟರ್ ದೂರದ ಸದ್ದು ಒಂದು ಸೆಕೆಂಡ್ ತಡವಾಗಿ ಬರುತ್ತದೆ ಎಂಬುದು ನೆನಪಿರಲಿ. ಗಂಟೆಗೆ 50 ಕಿಮೀ ವೇಗದ ಡ್ರೋನ್ ಅಷ್ಟರಲ್ಲಿ 14 ಮೀಟರ್ ಮುಂದೆ ಹೋಗಿರುತ್ತದೆ.

ಕ್ಯಾಮೆರಾ

ಎಲ್ಲರೂ ಮೊದಲು ಹಿಡಿಯುವುದು ಇದನ್ನೇ. ಚಿತ್ರದಲ್ಲಿ ವಸ್ತು ಗುರುತಿಸುವ ಯೋಲೋ ಮಾಡೆಲ್ ಸಿಗುತ್ತದೆ, ಲ್ಯಾಪ್‌ಟಾಪ್ ಇದೆ, ಮುಗಿಯಿತು ಅನ್ನುತ್ತಾರೆ. ಆದರೆ ಲೆಕ್ಕ ಮಾಡಿ ನೋಡಿ. 60 ಡಿಗ್ರಿ ಅಗಲ ನೋಡುವ ಸಾಮಾನ್ಯ ಫುಲ್ ಎಚ್‌ಡಿ ಕ್ಯಾಮೆರಾ 200 ಮೀಟರ್ ದೂರದಲ್ಲಿ ಸುಮಾರು 230 ಮೀಟರ್ ಅಗಲವನ್ನು 1920 ಪಿಕ್ಸೆಲ್‌ಗಳಲ್ಲಿ ತುಂಬುತ್ತದೆ. ಒಂದು ಮೀಟರಿಗೆ ಎಂಟು ಪಿಕ್ಸೆಲ್. 30 ಸೆಂಟಿಮೀಟರಿನ ಡ್ರೋನ್ ಎರಡೂವರೆ ಪಿಕ್ಸೆಲ್! ಅದು ಡ್ರೋನೋ, ನೊಣವೋ, ಲೆನ್ಸಿನ ಧೂಳೋ, ಯಾವ ಮಾಡೆಲ್‌ಗೂ ಗೊತ್ತಾಗುವುದಿಲ್ಲ. 10 ಡಿಗ್ರಿ ಲೆನ್ಸ್ ಹಾಕಿದರೆ 16 ಪಿಕ್ಸೆಲ್ ಸಿಗುತ್ತದೆ, ಆದರೆ ಆಗ ಆಕಾಶದ ಸಣ್ಣ ತುಂಡು ಮಾತ್ರ ಕಾಣುತ್ತದೆ. ಎಲ್ಲಿ ನೋಡಬೇಕು ಎಂದು ಬೇರೆ ಯಾರಾದರೂ ಹೇಳಬೇಕು.

ಹಾಗಾಗಿ ಕ್ಯಾಮೆರಾ ಒಂಟಿಯಾಗಿ ಬೇಡ, ಎರಡನೆಯದಾಗಿ ಬೇಕು. ಮೈಕ್ ದಿಕ್ಕು ತೋರಿಸಲಿ, ಕ್ಯಾಮೆರಾ ಆ ಕಡೆ ತಿರುಗಿ ಹೌದೋ ಅಲ್ಲವೋ ಹೇಳಲಿ. ದೊಡ್ಡ ವ್ಯವಸ್ಥೆಗಳೂ ಹೀಗೇ ನಡೆಯುತ್ತವೆ. ಜೊತೆಗೆ ತೋಟದ ಒಳಗೆ ನಿಂತರೆ ಕಾಣುವುದು ಸೋಗೆ ಮಾತ್ರ. ಕ್ಯಾಮೆರಾ ಟೆರೇಸಿನ ಮೇಲೆ ಇರಬೇಕು. ರಾತ್ರಿಗೆ ಥರ್ಮಲ್ ಕ್ಯಾಮೆರಾ ಬೇಕು, ಅದರ ಬೆಲೆ ವಿದ್ಯಾರ್ಥಿಗಳ ಕೈಗೆ ಎಟುಕುವುದು ಕಷ್ಟ.

ರಾಡಾರ್

ರೇಡಿಯೋ ಬಿಡದ ಡ್ರೋನ್, ಕತ್ತಲೆ, ಮಂಜು ಯಾವುದಕ್ಕೂ ಜಗ್ಗದೆ ದೂರ ಎಷ್ಟು ಎಂದೂ ಹೇಳುವುದು ರಾಡಾರ್ ಒಂದೇ. ಸೇನೆ ಅದನ್ನು ಬಿಡುವುದೇ ಇಲ್ಲ. ಡಿಆರ್‌ಡಿಒದ ರಾಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಇರುವುದು ಬೆಂಗಳೂರಿನಲ್ಲೇ.

ಆದರೆ ಸಣ್ಣ ಡ್ರೋನ್ ರಾಡಾರಿಗೆ ಒಂದು ಹಕ್ಕಿಯಷ್ಟೇ ಕಾಣುತ್ತದೆ. ಮೀನುಗಾರಿಕೆ ಬಂದರಿನ ಮೇಲೆ ಹದ್ದುಗಳು ಗುಂಪಾಗಿ ಸುತ್ತುವುದನ್ನು ನೀವೂ ನೋಡಿದ್ದೀರಿ. ಅಲ್ಲಿ ರಾಡಾರ್ ಇಟ್ಟರೆ ದಿನವಿಡೀ ಎಚ್ಚರಿಕೆ. ಗಾಳಿಗೆ ಆಡುವ ತೆಂಗಿನ ಸೋಗೆಯೂ ಚಲನೆ ಎಂದೇ ಬರುತ್ತದೆ. ಬಿಡಿಸುವುದು ಪ್ರೊಪೆಲ್ಲರಿನ ತಿರುಗಾಟದಿಂದ. ಹಕ್ಕಿಯ ರೆಕ್ಕೆ ಸೆಕೆಂಡಿಗೆ ಕೆಲವೇ ಸಲ ಬಡಿಯುತ್ತದೆ, ಪ್ರೊಪೆಲ್ಲರ್ ನೂರು ಸಲ ತಿರುಗುತ್ತದೆ. ಮರಳಿ ಬಂದ ಸಿಗ್ನಲ್‌ನಲ್ಲಿ ಇದರ ಗುರುತು ಸಿಗುತ್ತದೆ. ಮೈಕ್ರೋ ಡಾಪ್ಲರ್ ಎನ್ನುತ್ತಾರೆ.

ಕೆಲವು ನೂರು ರೂಪಾಯಿಯ 24 ಗಿಗಾಹರ್ಟ್ಸ್ ಡಾಪ್ಲರ್ ಮಾಡ್ಯೂಲ್ ಸಿಗುತ್ತದೆ. ಅದು ಮೇಜಿನ ಮೇಲೆ ಫ್ಯಾನ್ ಇಟ್ಟು ಮೈಕ್ರೋ ಡಾಪ್ಲರ್ ಕಲಿಯಲು ಸಾಕು, ಆಕಾಶ ಕಾಯಲು ಸಾಲದು. ದೂರವನ್ನೂ ಹೇಳುವ ಬೋರ್ಡಿಗೆ ಇಪ್ಪತ್ತು ಮೂವತ್ತು ಸಾವಿರ ಹಾಕಿದರೂ ಸಣ್ಣ ಡ್ರೋನ್ ಸಿಗುವುದು ಕೆಲವು ಹತ್ತು ಮೀಟರ್‌ವರೆಗೆ. ಗಣಿತ ಗಟ್ಟಿ ಇರಬೇಕು. ಅಷ್ಟಾದರೂ, ಮುಂದೆ ಈ ಕ್ಷೇತ್ರದಲ್ಲೇ ಕೆಲಸ ಬೇಕು ಅನ್ನುವವರು ಕಲಿತರೆ ಬಹಳ ವರ್ಷ ಕೈ ಹಿಡಿಯುವ ವಿದ್ಯೆ ಇದು.

ಹೊಡೆದು ಬೀಳಿಸುವುದು

ಇದನ್ನು ತಿಳಿದುಕೊಳ್ಳಬೇಕು, ಕಾಲೇಜಿನಲ್ಲಿ ಮಾಡುವುದಲ್ಲ. 2025ರಲ್ಲಿ ನಮ್ಮ ಸೇನೆಯ ಹಳೆಯ ಎಲ್-70 ಮತ್ತು ಝು-23 ಫಿರಂಗಿಗಳು ಚೆನ್ನಾಗಿ ಕೆಲಸ ಮಾಡಿದವು. ಹೊಸ ರಾಡಾರ್, ಹೊಸ ಕ್ಯಾಮೆರಾ ಜೋಡಿಸಿದ ಹಳೆಯ ಬಂದೂಕು ಲಕ್ಷಗಟ್ಟಲೆ ಡಾಲರಿನ ಕ್ಷಿಪಣಿಗಿಂತ ಎಷ್ಟೋ ಅಗ್ಗ. 2025ರ ಏಪ್ರಿಲ್ 13ರಂದು ಕರ್ನೂಲಿನಲ್ಲಿ ಡಿಆರ್‌ಡಿಒ 30 ಕಿಲೋವ್ಯಾಟ್ ಲೇಸರಿನಿಂದ ಡ್ರೋನ್ ಕೆಡವಿ ತೋರಿಸಿತು. ಮೇ 13ರಂದು ಒಡಿಶಾದ ಗೋಪಾಲಪುರದಲ್ಲಿ ಭಾರ್ಗವಾಸ್ತ್ರ ಎಂಬ ಡ್ರೋನ್ ತಡೆಯುವ ವ್ಯವಸ್ಥೆಯ ಸಣ್ಣ ರಾಕೆಟ್‌ಗಳ ಪರೀಕ್ಷೆ ಆಯಿತು. ಲೇಸರಿಗೆ ಹೊಡೆತದ ಖರ್ಚು ಬಹಳ ಕಮ್ಮಿ, ಆದರೆ ಮಳೆ, ಮಂಜಿನಲ್ಲಿ ಕಿರಣ ಸೋತುಹೋಗುತ್ತದೆ. ಕರ್ನೂಲಿನ ಒಣ ಬಯಲಿನಲ್ಲಿ ಕಂಡದ್ದು ನಮ್ಮ ಜುಲೈ ತಿಂಗಳಿಗೆ ಅನ್ವಯಿಸುವುದಿಲ್ಲ. ಫಿರಂಗಿ ಇರಲಿ, ರಾಕೆಟ್ ಇರಲಿ, ಲೇಸರ್ ಇರಲಿ, ಮೊದಲು ಯಾರಾದರೂ "ಅಗೋ ಅಲ್ಲಿ" ಎಂದು ತೋರಿಸಬೇಕು, ಅಲ್ವಾ?

ಹಾಗಾದರೆ ಯಾರಿಗೆ ಯಾವುದು?

ಡಿಪ್ಲೊಮಾ ತಂಡ, ಕೈಯಲ್ಲಿ ಹತ್ತು ಸಾವಿರ ಒಳಗೆ: ಶಬ್ದವನ್ನೇ ಹಿಡಿಯಿರಿ. ಎರಡನೇ ಯೋಚನೆ ಬೇಡ. ಇಪ್ಪತ್ತು ಸಾವಿರದವರೆಗೆ ಹೋಗಬಲ್ಲ ಬಿಇ, ಬಿಟೆಕ್ ತಂಡಕ್ಕೆ ಮೈಕ್ ಮತ್ತು ತಿರುಗುವ ಕ್ಯಾಮೆರಾ ಜೋಡಿ. ಒಬ್ಬರು ಶಬ್ದ, ಒಬ್ಬರು ಚಿತ್ರ, ಒಬ್ಬರು ಎರಡನ್ನೂ ಹೊಂದಿಸುವ ಪ್ರೋಗ್ರಾಂ. ಕೆಲಸ ಹಂಚಿಕೊಳ್ಳಲೂ ಸುಲಭ. ಕಾಲೇಜಿನಲ್ಲಿ ಎಸ್‌ಡಿಆರ್ ಬೋರ್ಡ್ ಈಗಾಗಲೇ ಇದ್ದರೆ ಕ್ಯಾಮೆರಾ ಬದಲು ರೇಡಿಯೋ ಸೇರಿಸಿ. ರೇಡಿಯೋ ಇಲ್ಲ ಆದರೆ ಸದ್ದು ಇದೆ ಎಂದಾದರೆ ಫೈಬರ್ ಡ್ರೋನ್ ಇರಬಹುದು ಎಂದು ಹೇಳುವ ಯಂತ್ರ ಆಗುತ್ತದೆ. ಪರೀಕ್ಷಕರು ಖಂಡಿತ ಕಿವಿ ನಿಮಿರಿಸುತ್ತಾರೆ. ಬಿಇಎಲ್, ಡಿಆರ್‌ಡಿಒ ಕನಸಿರುವ ಎಂಟೆಕ್‌ನವರು ರಾಡಾರ್ ಅಥವಾ ಜ್ಯಾಮಿಂಗ್ ಸಿಮ್ಯುಲೇಶನ್ ಆರಿಸಿ. ಕೋಡಿಂಗ್ ಮಾತ್ರ ಇಷ್ಟ, ತಂತಿ ಬೆಸೆಯುವುದು ಬೇಡ ಅನ್ನುವವರಿಗೆ ಹದ್ದು ಮತ್ತು ಡ್ರೋನ್ ವ್ಯತ್ಯಾಸ ಕಲಿಯುವ ಮಾಡೆಲ್ ಒಂದೇ ಸಾಕು, ಚಿತ್ರ ಮಾತ್ರ ನಮ್ಮ ಆಕಾಶದ್ದೇ ಇರಲಿ.

ಹೊಸೂರಿನ ಸಣ್ಣ ವರ್ಕ್‌ಶಾಪಿನವರೂ ಇದೇ ಪ್ರಶ್ನೆ ಕೇಳುತ್ತಾರೆ. ತಮಿಳುನಾಡು ರಕ್ಷಣಾ ಕೈಗಾರಿಕಾ ಕಾರಿಡಾರಿನಲ್ಲಿ ಹೊಸೂರು ಒಂದು ಕೇಂದ್ರ. 2024ರ ಜುಲೈಯಲ್ಲಿ ಡ್ರೋನ್, ಎಲೆಕ್ಟ್ರಾನಿಕ್ ಯುದ್ಧ, ಎಲೆಕ್ಟ್ರೋ ಆಪ್ಟಿಕ್ಸ್ ಮೂರಕ್ಕೂ ಪರೀಕ್ಷಾ ಕೇಂದ್ರ ಕಟ್ಟಲು ಆ ಕಾರಿಡಾರಿನಲ್ಲಿ ಒಪ್ಪಂದ ಆಗಿದೆ. ಲೇತ್, ಸಿಎನ್‌ಸಿ ಇಟ್ಟುಕೊಂಡವರಿಗೆ ನನ್ನ ಸಲಹೆ: ಡ್ರೋನ್ ಚೌಕಟ್ಟು ಮಾಡುವವರು ಈಗಾಗಲೇ ತುಂಬಾ ಇದ್ದಾರೆ. ಕ್ಯಾಮೆರಾ, ಆಂಟೆನಾ ತಿರುಗಿಸುವ ಪೀಠ, ನೀರು ನುಗ್ಗದ ಪೆಟ್ಟಿಗೆ, ಮಡಚುವ ಕಂಬ ಇವು ಯಾವ ಪತ್ತೆ ವ್ಯವಸ್ಥೆಗೂ ಬೇಕು. ಜ್ಯಾಮರ್ ಹಳತಾದರೂ ಇವು ಹಳತಾಗುವುದಿಲ್ಲ.

ಪರೀಕ್ಷೆಗೆ ಡ್ರೋನ್ ಹಾರಿಸುವ ಮೊದಲು

ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ ಸಂಶೋಧನೆಗಾಗಿ 2021ರ ಡ್ರೋನ್ ನಿಯಮಗಳು ನೋಂದಣಿ, ಪೈಲಟ್ ಲೈಸೆನ್ಸ್‌ನಿಂದ ವಿನಾಯಿತಿ ಕೊಟ್ಟಿವೆ. ಮುಂಚಿತ ಅನುಮತಿ ಬೇಡದ ಹಸಿರು ವಲಯ ಆಗಿರಬೇಕು, ಸಂಸ್ಥೆಯ ಆವರಣದಲ್ಲೋ ಅದರ ಹತೋಟಿಯ ಬಯಲಿನಲ್ಲೋ ಹಾರಿಸಬೇಕು. ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಿನಲ್ಲಿ ಆ ದಿನವೇ ನೋಡಿ, ವಲಯ ಬದಲಾಗುತ್ತಿರುತ್ತದೆ. ದಕ್ಷಿಣಕ್ಕೆ ಏಳಿಮಲೆಯ ನೌಕಾ ಅಕಾಡೆಮಿ ಇದೆ. ತ್ರಿಕ್ಕರಿಪುರ ಕಡೆಯವರು ಮ್ಯಾಪ್ ನೋಡದೆ ಹಾರಿಸಲೇಬೇಡಿ.

ಸುತ್ತಲಿನ ಮನೆಗಳಿಗೂ ಹೋಗಿ ಹೇಳಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲ ಕಂಡವರು ಎಣ್ಮಕಜೆ, ಬೆಳ್ಳೂರು ಕಡೆ ಈಗಲೂ ಇದ್ದಾರೆ. ತಲೆ ಮೇಲೆ ಗುಯ್ ಎಂದರೆ ಅವರಿಗೆ ಏನು ನೆನಪಾಗುತ್ತದೆ ಎಂದು ಯೋಚಿಸಿ. ಏನು ಮಾಡುತ್ತಿದ್ದೇವೆ, ಎಷ್ಟು ಹೊತ್ತು, ಕ್ಯಾಮೆರಾ ಯಾವ ಕಡೆ ನೋಡುತ್ತದೆ, ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಬೇಕೋ ಅದರಲ್ಲಿ ಬಿಡಿಸಿ ಹೇಳಿ. ಬಂದು ನೋಡಿ ಎಂದು ಕರೆಯಿರಿ.

ಸಮಯ ಹೀಗೆ ಹಾಕಿಕೊಳ್ಳಿ. ಮಳೆಗಾಲದಲ್ಲಿ ಡ್ರೋನ್ ಹಾರಿಸಲಾಗದು, ಆದರೆ ಮಳೆ, ಗಾಳಿ, ಗುಡುಗಿನ ಸದ್ದು ರೆಕಾರ್ಡ್ ಮಾಡಿ ಇಡಬಹುದು. ಸುಳ್ಳು ಎಚ್ಚರಿಕೆ ತಡೆಯಲು ಅದು ಬೇಕೇ ಬೇಕು. ಅಕ್ಟೋಬರ್‌ನಿಂದ ತೋಟದ ಮೆಷಿನ್‌ಗಳ ಸದ್ದು ಸೇರಿಸಿ. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ, ಗಾಳಿಯೂ ಕಮ್ಮಿ. ಬೆಳಗ್ಗೆ ಎಂಟರ ಒಳಗೆ 50, 100, 150, 200 ಮೀಟರ್ ದೂರಗಳಲ್ಲಿ ಡ್ರೋನ್ ಹಾರಿಸಿ, ಪ್ರತಿ ದೂರದಲ್ಲೂ ಎಷ್ಟು ಸಲ ಸಿಕ್ಕಿತು, ಎಷ್ಟು ಸಲ ತಪ್ಪಿತು ಎಂದು ಬರೆದಿಡಿ. ತಪ್ಪಿದ್ದನ್ನು ವರದಿಯಿಂದ ತೆಗೆಯಬೇಡಿ. ವೈವಾದಲ್ಲಿ ಮೊದಲು ಕೇಳುವುದು ಆ ಪಟ್ಟಿಯನ್ನೇ.